ಬಾವಿಗಿಳಿದ ಕಾಲು

ಸಿಂದಗಿಗೆ ಹೋದ ಮೊದಲ ವಾರ ನಾನು ನೀರನ್ನೇ ಕುಡಿಯಲಿಲ್ಲ. ಚಹಾ ಕುಡಿದೆ, ಗೋಲಿ ಸೋಡಾ ಕುಡಿದೆ. ಸೋಡಾ ಮಾರುವವನು ಒಂದು ಬೆಳಿಗ್ಗೆ ಹೆಗಲ ಮೇಲೆ ಕೊಡ ಇಟ್ಟುಕೊಂಡು ಹಳೆಯ ಬಾವಿಯ ಪಾವಟಿಗೆಗಳನ್ನು ಇಳಿಯುತ್ತಿದ್ದುದನ್ನು ಕಂಡ ಮೇಲೆ ಸೋಡಾವನ್ನೂ ಬಿಟ್ಟೆ.

ಎಪ್ಪತ್ತರ ದಶಕದ ನಡುವಿನ ಒಂದು ಏಪ್ರಿಲ್ ಅದು. ನನಗೆ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಕಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಮದುವೆ ಆಗಿರಲಿಲ್ಲ, ಹಾಗಾಗಿ ದೂರದ ನಿಯೋಜನೆಗೆ ನನ್ನ ಹೆಸರೇ ಮೊದಲು ಬಂತು. ಆದೇಶದಲ್ಲಿ ಆರು ತಿಂಗಳು ಎಂದಿತ್ತು. ಅದು ಎಳೆದು ಎಳೆದು ಹದಿನೈದು ತಿಂಗಳಾಯಿತು. ಸಿಂದಗಿಯಲ್ಲಿ ವಾಸ. ಅಲ್ಲಿಂದ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲೋ ಬಾಡಿಗೆ ಸೈಕಲ್ಲಿನಲ್ಲೋ ಹೋಗಿ, ಯಾರ ಮೈಯಲ್ಲಿ ನಾರು ಹುಣ್ಣು ಎದ್ದಿದೆ, ಅವರು ಯಾವ ಬಾವಿಯ ನೀರು ಕುಡಿಯುತ್ತಾರೆ ಎಂದು ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ.

ಈಗಿನವರಿಗೆ ಈ ಹುಣ್ಣಿನ ಹೆಸರೂ ಗೊತ್ತಿರಲಿಕ್ಕಿಲ್ಲ. ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಹೊಟ್ಟೆಗೆ ಹೋಗುತ್ತವೆ. ಅವುಗಳೊಳಗಿದ್ದ ಮರಿ ಮೈಯಲ್ಲಿ ಬೆಳೆಯುತ್ತದೆ. ವರ್ಷವಾದ ಮೇಲೆ ಕಾಲಿನಲ್ಲಿ ಒಂದು ಗುಳ್ಳೆ ಎದ್ದು, ಒಡೆದು, ಅದರೊಳಗಿಂದ ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಎರಡು ಮೊಳ ಉದ್ದ ಇದ್ದೀತು. ಎಳೆದರೆ ಹರಿದು ಒಳಗೇ ಕೊಳೆಯುತ್ತದೆ. ಬೆಂಕಿಕಡ್ಡಿಗೆ ಸುತ್ತಿ ದಿನಕ್ಕೆ ಒಂದಂಗುಲ, ಅರ್ಧಂಗುಲ ಹೊರಗೆ ತೆಗೆಯಬೇಕು. ಅಷ್ಟು ದಿನವೂ ಕಾಲು ಕೆಂಡದಲ್ಲಿಟ್ಟ ಹಾಗೆ ಉರಿಯುತ್ತದೆ. ತಣ್ಣೀರಿಗಿಟ್ಟರೆ ಹಾಯೆನಿಸುತ್ತದೆ. ಆದರೆ ನೀರು ತಾಗಿದ ಕೂಡಲೇ ಹುಳು ತನ್ನ ಮರಿಗಳನ್ನೆಲ್ಲ ಅದರೊಳಗೆ ಕಾರುತ್ತದೆ. ಮತ್ತೆ ಆ ನೀರನ್ನು ಊರು ಕುಡಿಯುತ್ತದೆ.

ನನ್ನ ಜೊತೆಗೆ ಕೊಟ್ಟ ಒಬ್ಬರೇ ಸಹಾಯಕರು ಅಲ್ಲಿಯವರೇ, ಹೂವಿನ ಹಿಪ್ಪರಗಿ ಕಡೆಯವರು. ನಲವತ್ತು ದಾಟಿತ್ತು. ಊರು ಮುಟ್ಟಿಸಿಕೊಳ್ಳದ ಕೇರಿಯಲ್ಲಿ ಹುಟ್ಟಿದವರು. ಅವರ ಮನೆಯವರೆಲ್ಲ ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು. ಅಚ್ಚು ಹಾಕಿದಂಥ ಅಕ್ಷರ. ರಜಿಸ್ಟರ್ ಬರೆಯುವುದು ಅವರ ಪಾಲಿನ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವರನ್ನು ನಾನು ಆಗ ಏಕವಚನದಲ್ಲೇ ಕರೆಯುತ್ತಿದ್ದೆ. ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಇಬ್ಬರಿಗೂ ಅದು ವಿಚಿತ್ರವೆನಿಸಿರಲಿಲ್ಲ. ನನಗಂತೂ ಎನಿಸಿರಲಿಲ್ಲ.

ಮೊದಲ ಹಳ್ಳಿಯ ಬಾವಿ ಇನ್ನೂ ಕಣ್ಣ ಮುಂದಿದೆ. ಕಲ್ಲಿನ ಪಾವಟಿಗೆ, ತಳದಲ್ಲಿ ಹಸಿರು ಬಣ್ಣದ ನೀರು. ಮೊಣಕಾಲುದ್ದ ನೀರಿನಲ್ಲಿ ನಿಂತು ಒಬ್ಬ ರೈತ ಕೊಡ ತುಂಬಿಸುತ್ತಿದ್ದ. ಅವನ ಹಿಮ್ಮಡಿಯ ಮೇಲೆ ಬಟ್ಟೆಯ ಚಿಂದಿ ಕಟ್ಟಿತ್ತು. ಆ ಚಿಂದಿಯಿಂದ ಬಿಳಿಯ ಎಳೆಯೊಂದು ಹೊರಬಂದು ನೀರಲ್ಲಿ ಅಲುಗುತ್ತಿತ್ತು. ಅವನ ಪಕ್ಕದಲ್ಲೇ ಒಬ್ಬಾಕೆ ಬೊಗಸೆಯಲ್ಲಿ ನೀರು ಎತ್ತಿ ಕುಡಿದಳು. ನಾನು ಬಾವಿಯ ಆಚೆ ಹೋಗಿ ಜಾಲಿ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ.

ಬಾಯಿ ಒರೆಸಿಕೊಂಡು ಬಂದು ಪರೀಕ್ಷೆಗೆ ಕಳಿಸಲು ನೀರು ಹಿಡಿಯುವ ಶೀಸೆಯನ್ನು ಸಹಾಯಕರ ಕಡೆ ಚಾಚಿದೆ. "ಇಳಿದು ನೀರು ತುಂಬಿಸಿಕೊಂಡು ಬಾ."

"ನಾ ಇಳಿಯಂಗಿಲ್ರಿ ಸಾಹೇಬ್ರ."

"ಯಾಕೆ, ಕಾಲಿಗೇನಾಗಿದೆ?"

"ಕಾಲಿಗೇನೂ ಆಗಿಲ್ರಿ. ನಮ್ಮ ಮಂದಿ ಇಳಿದ್ರ ಬಾವಿ ಕೆಡ್ತೈತಿ ಅಂತಾರ."

ದಂಡೆಯ ಮೇಲೆ ಆ ಊರಿನ ಅಂಥದೇ ಕೇರಿಯ ನಾಲ್ಕೈದು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ಮೇಲೆ ಬಂದವರಾರಾದರೂ ಮನಸ್ಸು ಮಾಡಿ ಎತ್ತರದಿಂದ ನೀರು ಸುರಿದರೆ ಉಂಟು, ಇಲ್ಲವಾದರೆ ಕಾಯುವುದು. ನನಗೆ ಆ ಹೊತ್ತಿಗೆ ಅದರ ಬಗ್ಗೆ ಸಿಟ್ಟೇನೂ ಬರಲಿಲ್ಲ. ನಾನೇ ಇಳಿಯಬೇಕಾಯಿತಲ್ಲ ಎಂದು ಸಿಟ್ಟು ಬಂತು. ಬೂಟು ಬಿಚ್ಚದೆ ಕಡೆಯ ಒಣ ಪಾವಟಿಗೆಯವರೆಗೆ ಹೋಗಿ, ಮೂಗು ಮುಚ್ಚಿಕೊಂಡು ಶೀಸೆ ಅದ್ದಿದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಎಲ್ಲವನ್ನೂ ಕಂಡು ಹೇಸಿದೆ. ಬಾಡಿಗೆಗೆ ಹಿಡಿದ ಕೋಣೆಯ ಹಿಂದಿನ ಪಾಯಖಾನೆಯನ್ನು, ಅದರ ಕೆಳಗೆ ಬಾಯಿ ತೆರೆದು ಕಾಯುತ್ತಿದ್ದ ಹಂದಿಗಳನ್ನು. ಖಾನಾವಳಿಯಲ್ಲಿ ಪಲ್ಯದ ಮೇಲಿಂದ ಎದ್ದು ರೊಟ್ಟಿಯ ಮೇಲೆ ಕೂರುತ್ತಿದ್ದ ನೊಣಗಳನ್ನು. ಜನ ಜಗಳಕ್ಕೆ ನಿಂತ ಹಾಗೆ ಮಾತಾಡುವ ರೀತಿಯನ್ನೂ. ಅದು ಜಗಳವಲ್ಲ, ಪ್ರೀತಿಯಿಂದಲೇ ಹಾಗೆ ಮಾತಾಡುತ್ತಾರೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಕೋಣೆಯಲ್ಲಿ ನೀರು ಕಾಯಿಸಿ, ಎರಡು ಮಡಿಕೆ ಧೋತರದಲ್ಲಿ ಸೋಸಿ, ಶೀಸೆಯಲ್ಲಿ ತುಂಬಿ ಹೆಗಲಿಗೆ ಹಾಕಿಕೊಂಡೇ ಊರೂರು ತಿರುಗಿದೆ. ಮೈಸೂರಿಗೆ ಪತ್ರ ಬರೆಯುವಾಗ ಈ ಜನರ ಬಗ್ಗೆ ತಮಾಷೆ ಮಾಡಿ ಬರೆಯುತ್ತಿದ್ದೆ. ನನ್ನ ತಂಗಿ ಅದನ್ನು ಮನೆಮಂದಿಗೆಲ್ಲ ಓದಿ ನಗಿಸುತ್ತಿದ್ದಳಂತೆ.

ಮೇ ತಿಂಗಳ ಒಂದು ಮಧ್ಯಾಹ್ನ ಮಾತ್ರ ಈ ಎಚ್ಚರ ತಪ್ಪಿತು. ಹೆಗಲ ಶೀಸೆ ಖಾಲಿಯಾಗಿತ್ತು. ಒಂದು ಮನೆಯ ಪಡಸಾಲೆಯಲ್ಲಿ ಕೂತು ಹೆಸರು ಬರೆಸುತ್ತಿದ್ದೆವು. ಆ ಮನೆಯ ಮುದುಕಿ ಹಿತ್ತಾಳೆಯ ಚೊಂಬಿನಲ್ಲಿ ಮಜ್ಜಿಗೆ ತಂದಳು.

"ಬೇಡಮ್ಮ," ಎಂದೆ.

"ನೀರಂತೂ ಒಲ್ಲೆ ಅಂದ್ರಿ. ಮಜ್ಜಿಗಿನೂ ಒಲ್ಲೆ ಅಂದ್ರ ನಾವೇನ ಮಂದಿ ಅಲ್ಲೇನ್ರಿ?"

ಕುಡಿದೆ. ಮಜ್ಜಿಗೆ ಹಾಲಿನದಲ್ಲವೇ, ಹಾಲು ಕಾಯಿಸಿರುತ್ತಾರಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಮಜ್ಜಿಗೆಗೆ ನೀರು ಬೆರೆಸುತ್ತಾರೆಂಬುದು ಗೊತ್ತಿಲ್ಲದ್ದೇನಲ್ಲ. ಬಾಯಾರಿತ್ತು, ಅಷ್ಟೆ. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಮುಂದಿನ ವರ್ಷ ಏಪ್ರಿಲ್ ಮುಗಿಯುತ್ತಿದ್ದಂತೆ ನನ್ನ ಎಡಗಾಲಿನ ಗಂಟಿನ ಮೇಲೆ ತುರಿಕೆ ಶುರುವಾಯಿತು. ಆಮೇಲೆ ಗುಳ್ಳೆ. ನೂರಾರು ಕಾಲುಗಳಲ್ಲಿ ನೋಡಿದ್ದ ಗುಳ್ಳೆಯನ್ನು ಗುರುತಿಸದಿರಲು ಸಾಧ್ಯವೇ? ಆದರೂ ಮೂರು ದಿನ ಅದು ಬೆವರುಗುಳ್ಳೆ ಎಂದೇ ನಂಬಿಕೊಂಡಿದ್ದೆ. ನಾಲ್ಕನೆಯ ದಿನ ಸ್ನಾನ ಮಾಡುವಾಗ ಒಡೆಯಿತು. ಒಳಗಿನಿಂದ ಬಿಳಿಯ ತುದಿ ಇಣುಕಿತು. ಅದು ನನ್ನ ಮಾಂಸದೊಳಗಿಂದ ಬರುತ್ತಿದೆ, ಒಂದು ವರ್ಷ ನಾನು ಉಂಡದ್ದನ್ನೇ ಉಂಡು ಬೆಳೆದಿದೆ ಎನಿಸಿತು. ನನ್ನ ಕಾಲನ್ನು ನಾನೇ ಮುಟ್ಟಲಾರದೆ ಹೋದೆ.

ಯಾರಿಗೂ ಹೇಳಲಿಲ್ಲ. ಕಡ್ಡಿಗೆ ಸುತ್ತಿ, ಬಟ್ಟೆ ಕಟ್ಟಿ, ಮೇಲೆ ಪ್ಯಾಂಟು ಇಳಿಬಿಟ್ಟೆ. ಖಾನಾವಳಿ ನಡೆಸುತ್ತಿದ್ದಾಕೆ ರೊಟ್ಟಿ ಹಾಕುತ್ತ ಕೇಳಿದಳು: "ಯಾಕ್ರಿ ಸಾಹೇಬ್ರ, ಕುಂಟಾಕತ್ತೀರಿ? ನಾರು ಎದ್ದೈತೇನ್ರಿ?"

"ಛೆ, ಇಲ್ಲ. ಮುಳ್ಳು ಚುಚ್ಚಿದೆ."

"ತೋರಸ್ರಿ, ತೆಗೆದು ಕೊಡ್ತೇನಿ."

"ತೆಗೆದಾಯಿತು," ಎಂದು ಅರ್ಧ ಊಟಕ್ಕೇ ಎದ್ದೆ. ನೀರು ಸೋಸಿ ಕುಡಿಯಿರಿ ಎಂದು ಆಕೆಗೆ ದಿನವೂ ಪಾಠ ಹೇಳುತ್ತಿದ್ದವನು ನಾನು.

ಅದೇ ವಾರ, ಹಿಂದೆ ನಾನು ವಾಂತಿ ಮಾಡಿಕೊಂಡಿದ್ದ ಆ ಹಳ್ಳಿಗೆ ಮತ್ತೆ ಹೋಗಬೇಕಾಗಿ ಬಂತು. ಬಸ್ಸು ಇಳಿದು ಎರಡು ಮೈಲು ಕರಿಮಣ್ಣಿನ ಹಾದಿ. ಹೆಜ್ಜೆ ಇಟ್ಟಲ್ಲೆಲ್ಲ ಉರಿ ತೊಡೆಯವರೆಗೆ ಏರುತ್ತಿತ್ತು. ಊರು ತಲುಪಿದಾಗ ನಡು ಮಧ್ಯಾಹ್ನ. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಸಹಾಯಕರು ಹೆಸರು ವಿಚಾರಿಸಲು ಕೇರಿಯ ಕಡೆ ಹೋದರು. ನಾನು ಶೀಸೆ ಹಿಡಿದು ಇಳಿದೆ.

ತಳದಲ್ಲಿ ತಂಪಿತ್ತು. ಬೂಟು ಬಿಚ್ಚಿದೆ. ಯಾಕೆ ಬಿಚ್ಚುತ್ತಿದ್ದೇನೆಂದು ನನಗೆ ಗೊತ್ತಿತ್ತು. ಹುಣ್ಣಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿದೆ. ಸುತ್ತ ಒಮ್ಮೆ ನೋಡಿ ಎಡಗಾಲನ್ನು ನೀರಿಗೆ ಇಳಿಬಿಟ್ಟೆ. ಆ ಸುಖವನ್ನು ಹೇಗೆ ಹೇಳಲಿ? ಕಣ್ಣು ತಾವಾಗಿ ಮುಚ್ಚಿಕೊಂಡವು. ತೆರೆದಾಗ ಕಾಲಿನ ಸುತ್ತ ನೀರು ಹಾಲಿನ ಹನಿ ಬಿದ್ದಂತೆ ಬೆಳ್ಳಗಾಗಿ, ನಿಧಾನಕ್ಕೆ ಹರಡಿ, ಕಾಣದಂತಾಗುತ್ತಿತ್ತು. ನೋಡುತ್ತ ಕೂತೆ. ಆಗಲೂ ಕಾಲು ತೆಗೆಯಲಿಲ್ಲ.

ಮೇಲೆ ಬಳೆಯ ಸದ್ದಾಯಿತು. ಕೇರಿಯ ಇಬ್ಬರು ಹೆಂಗಸರು ಕೊಡ ಹಿಡಿದು ದಂಡೆಯ ಮೇಲೆ ನಿಂತಿದ್ದರು. ತಟಕ್ಕನೆ ಕಾಲೆಳೆದುಕೊಂಡೆ.

"ಸಾಹೇಬ್ರ," ಎಂದಳು ಒಬ್ಬಳು, "ಹೆಂಗೂ ಕೆಳಗ ಅದೀರಿ, ನಮ್ಮ ಕೊಡ ತುಂಬಿ ಕೊಡ್ರಿ. ಮುಂಜಾನಿಂದ ಕಾಯಾಕತ್ತೇವ್ರಿ."

ಅವಳು ನನ್ನ ಕಾಲು ನೋಡಿರಲಿಲ್ಲ. ಇಲ್ಲವೆನ್ನಬಹುದಿತ್ತು. ಈ ನೀರು ಬೇಡವೆನ್ನಬಹುದಿತ್ತು. ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅದಕ್ಕಿಂತ ಹೇಸಿಕೆಯ ಮಾತೊಂದಿದೆ. ಮೈಲಿಗೆ ಗೀಲಿಗೆ ನನಗಿಲ್ಲ, ಇವರ ಕೊಡವನ್ನು ಕೈಯಾರೆ ಮುಟ್ಟುತ್ತೇನೆ ಎಂಬ ಹೆಮ್ಮೆಯೂ ಆ ಗಳಿಗೆಯಲ್ಲಿ ನನ್ನೊಳಗೆ ಸುಳಿಯಿತು. ಪ್ಯಾಂಟು ಕೆಳಗೆಳೆದುಕೊಂಡು ಮೇಲೆ ಹತ್ತಿ ಕೊಡಗಳನ್ನು ತಂದೆ. ಕಾಲಿಟ್ಟಿದ್ದ ಜಾಗ ಬಿಟ್ಟು ಆಚೆಯ ಮೂಲೆಯಲ್ಲಿ ಅದ್ದಿ ತುಂಬಿದೆ, ಮೂಲೆಗೂ ಮೂಲೆಗೂ ನಡುವೆ ಗೋಡೆ ಇದ್ದ ಹಾಗೆ. ಹೊತ್ತು ತಂದು ದಂಡೆಯ ಮೇಲಿಟ್ಟೆ. ಆ ಹೆಂಗಸರು ಕೈ ಮುಗಿದರು.

ಅಷ್ಟರಲ್ಲಿ ಸಹಾಯಕರು ಬಂದು ನಿಂತಿದ್ದರು. ಅವರ ಕಣ್ಣು ಪ್ಯಾಂಟು ಮೇಲೆ ಸರಿದಿದ್ದ ನನ್ನ ಬರಿಗಾಲಿನ ಮೇಲಿತ್ತು. ಕಡ್ಡಿ, ಅದಕ್ಕೆ ಸುತ್ತಿದ ದಾರ, ತೊಯ್ದ ಹುಣ್ಣು. ಮುಂದೆ ಬಂದು ಎರಡೂ ಕೊಡಗಳನ್ನು ಎತ್ತಿ ನೆಲಕ್ಕೆ ಸುರಿದರು.

ಹೆಂಗಸರು ಬೊಬ್ಬೆ ಹಾಕಿದರು. "ತಲಿಗಿಲಿ ಕೆಟ್ಟೈತೇನೋ ನಿನಗ? ಅಪರೂಪಕ್ಕ ಒಬ್ಬರು ತುಂಬಿ ಕೊಟ್ಟಾರ, ನೀ ನಮ್ಮಾಂವ ಆಗಿ ಚೆಲ್ಲತೀಯಲ್ಲೋ!"

"ಬಾವಿಗೆ ಔಷಧ ಹಾಕೂದೈತವ್ವ," ಎಂದರು ಅವರು. "ಸಾಹೇಬ್ರು ಮರ್ತು ತುಂಬಿದ್ರು. ನಾವು ಹೇಳೂತನಕ ಈ ನೀರ ಬ್ಯಾಡ. ಹಳ್ಳದ ಕಡೆ ಒರತಿ ತೋಡಿ ತಗೋರಿ."

ಬೈಯುತ್ತಲೇ ಆ ಹೆಂಗಸರು ಖಾಲಿ ಕೊಡ ಹೊತ್ತು ಹೋದರು. ಬೈದದ್ದು ಸಹಾಯಕರನ್ನು, ನನ್ನನ್ನಲ್ಲ.

ನಾನು ಬೂಟು ಹಾಕಿಕೊಂಡೆ. ಅವರು ಜಾಲಿ ಗಿಡದ ನೆರಳಿನಲ್ಲಿ ಕೂತು ರಜಿಸ್ಟರ್ ತೆರೆದರು. ಪೆನ್ನಿನ ಮುಚ್ಚಳ ತೆಗೆದು, ತಲೆಯೆತ್ತದೆ, ಪ್ರತಿ ಮನೆಯಲ್ಲೂ ಕೇಳುತ್ತಿದ್ದ ದನಿಯಲ್ಲೇ ಕೇಳಿದರು: "ವಯಸ್ಸು ಎಷ್ಟ್ರಿ?"

"ಏನಿದು?"

"ಹೇಳ್ರಿ ಸಾಹೇಬ್ರ. ಪಟ್ಟಿ ತುಂಬಬೇಕಲ್ರಿ."

"ಇಪ್ಪತ್ತೇಳು."

"ಯಾವ ಕಾಲು?"

"ಎಡಗಾಲು."

"ನಾರು ಎದ್ದ ಮ್ಯಾಲ ನೀರಿಗೆ ಇಳಿದ್ರೇನ್ರಿ?"

"ಇಳಿದೆ."

"ಗೊತ್ತಿದ್ದು ಇಳಿದ್ರೋ, ಗೊತ್ತಿಲ್ಲದೋ?"

ಆ ಪ್ರಶ್ನೆ ನಮ್ಮ ಪಟ್ಟಿಯಲ್ಲಿರಲಿಲ್ಲ. ನಾನು ಬಗ್ಗಿ ಬೂಟಿನ ದಾರ ಬಿಗಿದುಕೊಂಡೆ. ಅವರು ರಜಿಸ್ಟರ್ ಮುಚ್ಚಿದರು.

ಮರುದಿನ ಬ್ಲೀಚಿಂಗ್ ಪೌಡರ್ ಹೊತ್ತು ತಂದು ಬಾವಿಗೆ ಸುರಿದೆವು. ವಾಸನೆಗೆ ಊರೆಲ್ಲ ಗೊಣಗಿತು. ಊರ ಗೌಡರು ಕಟ್ಟೆಯ ಮೇಲೆ ನಿಂತು, "ಈಗ ಯಾಕ್ರಿ ಇದು, ಹೋದ ತಿಂಗಳ ಹಾಕಿದ್ರಲ್ಲ?" ಎಂದು ಕೇಳಿದರು. "ಮೇಲಿನಿಂದ ಆದೇಶ ಬಂದಿದೆ," ಎಂದೆ. ಸಹಾಯಕರು ದಂಡೆಯ ಹೊರಗೆ, ತಾವು ನಿಲ್ಲಬೇಕಾದಷ್ಟು ದೂರದಲ್ಲಿ ನಿಂತು ಚೀಲದ ಬಾಯಿ ಬಿಚ್ಚಿ ಕೊಡುತ್ತಿದ್ದರು. ತೊಳೆದ, ಹುಣ್ಣಿಲ್ಲದ ಅವರ ಕಾಲು ಅಲ್ಲಿ. ಪಟ್ಟಿ ಕಟ್ಟಿದ ನನ್ನ ಕಾಲು ಪಾವಟಿಗೆಯ ಮೇಲೆ. ಗೌಡರು ನನಗೆ, "ಹುಷಾರ್ರಿ, ಜಾರ್ತೈತಿ," ಎಂದು ಕೈ ಕೊಟ್ಟರು.

ಅಂದಿನಿಂದ ನನಗೆ ಹಂದಿಗಳ ಮೇಲೂ ನೊಣಗಳ ಮೇಲೂ ಹೇಸಿಕೆ ಉಳಿಯಲಿಲ್ಲ ಎಂದರೆ ಸುಳ್ಳಾದೀತು. ಉಳಿದಿತ್ತು. ಆದರೆ ಅದನ್ನು ಪತ್ರದಲ್ಲಿ ಬರೆಯುವುದು ನಿಂತಿತು. ಹುಳು ಪೂರ್ತಿ ಹೊರಬರಲು ಮೂರು ವಾರ ಹಿಡಿಯಿತು.

ಜೂನ್ ಕೊನೆಗೆ ತಪಾಸಣೆಗೆಂದು ಹಿರಿಯ ಅಧಿಕಾರಿಯೊಬ್ಬರು ಬಂದರು. ರಜಿಸ್ಟರ್ ತಿರುವುತ್ತ ಒಂದು ಪುಟಕ್ಕೆ ಬಂದು ನಿಂತರು. ನನ್ನನ್ನು ನೋಡಿ ನಕ್ಕರು.

"ಏನ್ರೀ ಇದು? ನೀರು ಸೋಸಿ ಕುಡೀರಿ ಅಂತ ಹೇಳೋಕೆ ಬಂದವನಿಗೇ ನಾರು ಹುಣ್ಣು ಅಂದ್ರೆ ಜನ ಉಗೀತಾರೆ. ಇದನ್ನೆಲ್ಲ ಯಾರು ಬರೆಯೋಕೆ ಹೇಳಿದ್ದು?"

ಸಹಾಯಕರು ನನ್ನ ಹಿಂದೆ ನಿಂತಿದ್ದರು. ಅಧಿಕಾರಿ ಕೆಂಪು ಶಾಯಿಯಲ್ಲಿ ನನ್ನ ಹೆಸರಿನ ಮೇಲೆ ಎರಡು ಸಲ ಗೀರಿ, ಪಕ್ಕದಲ್ಲಿ ಸಹಿ ಮಾಡಿದರು. ಸರ್, ಅದು ನಿಜ, ಇರಲಿ ಬಿಡಿ ಎನ್ನುವುದಕ್ಕೆ ನನಗೆ ಬೇಕಾದಷ್ಟು ಸಮಯವಿತ್ತು. ಅನ್ನಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಈ ಇಷ್ಟು ವರ್ಷಗಳಲ್ಲಿ ಆ ಬಾವಿಯ ನೀರನ್ನಾಗಲಿ ನನ್ನ ಕಾಲಿನ ಹುಳುವನ್ನಾಗಲಿ ನೆನೆದರೆ ನನಗೆ ವಾಕರಿಕೆ ಬರುವುದಿಲ್ಲ. ಆ ಹಗುರವನ್ನು ನೆನೆದರೆ ಬರುತ್ತದೆ.

ಜುಲೈಯಲ್ಲಿ ನನ್ನನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಸಹಾಯಕರು ಬಸ್‌ಸ್ಟ್ಯಾಂಡಿನವರೆಗೆ ಬಂದು ಟ್ರಂಕನ್ನು ಮೇಲೆ ಹಾಕಿಸಿದರು. ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದೆ: "ಬರ್ತೀನಿ, ನೀವು ಹುಷಾರಾಗಿರಿ." ಅವರು ಅದನ್ನು ಗಮನಿಸಿದರೋ ಇಲ್ಲವೋ. "ಆತ್ರಿ ಸಾಹೇಬ್ರ, ಹೋಗಿ ಬರ್ರಿ," ಎಂದರು.

ಮುಂದಿನ ಬೇಸಿಗೆಯಲ್ಲಿ ಅವರದೊಂದು ಕಾರ್ಡು ಬಂತು. ಅದೇ ಅಚ್ಚಿನಂಥ ಅಕ್ಷರ. ಆ ಬಾವಿಯ ಊರಿನಲ್ಲಿ ಈ ಸಲವೂ ನಾರು ಎದ್ದಿದೆ, ಕೇರಿಯಲ್ಲೂ ಎದ್ದಿದೆ. ಊರ ಹೊರಗೆ ಬೋರು ಕೊರೆಯಲು ಜಾಗ ನೋಡಿದ್ದಾರೆ, ನಮ್ಮವರೂ ಅದನ್ನು ಮುಟ್ಟಬಹುದೋ ಇಲ್ಲವೋ ಎಂದು ಈಗಲೇ ಜಗಳ ನಡೆದಿದೆ. ತಾವು ಕ್ಷೇಮವೆಂದು ಭಾವಿಸುತ್ತೇನೆ ಎಂದು ಬರೆದಿದ್ದರು. ಯಾರ ಮೇಲೂ ತಪ್ಪು ಹೊರಿಸಿರಲಿಲ್ಲ.

ಉತ್ತರ ಬರೆಯಲೆಂದು ಅಂದೇ ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ವಿಳಾಸವನ್ನೂ ಬರೆದೆ. ಹಿಂದಿನ ಮಗ್ಗುಲಲ್ಲಿ ಏನು ಬರೆಯಬೇಕೆಂದು ತಿಳಿಯದೆ ಎರಡು ದಿನ ಮೇಜಿನ ಮೇಲೆ ಇಟ್ಟಿದ್ದೆ. ಆಮೇಲೆ ಪುಸ್ತಕವೊಂದರ ನಡುವೆ ಸೇರಿಸಿಬಿಟ್ಟೆ.