ಕೂಸಿನ ಮುಖದ ಗುಳ್ಳೆ, ಪಂಚಾಂಗದ ನೆಪ

ಮೀಸೆ ಚಿಗುರುವ ಹುಡುಗನ ಮುಖದಲ್ಲಿ ಮೊಡವೆ ಎದ್ದರೆ ಯಾರೂ ಗಾಬರಿಯಾಗುವುದಿಲ್ಲ. ಇನ್ನೂ ತೊಟ್ಟಿಲಿಗೆ ಹಾಕಿರದ ಕೂಸಿನ ಮುಖದಲ್ಲಿ ಎದ್ದರೆ? ನಗಬೇಡಿ. ಕಳೆದ ತಿಂಗಳು ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಇದೇ ರಂಪ.

ಮಗಳು ಗಂಗಾ ಹೆರಿಗೆಗೆ ಬಂದಿದ್ದಳು. ಗಂಡುಕೂಸು. ತೊಟ್ಟಿಲ ಕಾರ್ಯ ಹತ್ತಿರ ಬಂತು; ಗಲ್ಲ, ಹಣೆಯ ತುಂಬ ಕೆಂಪು ಗುಳ್ಳೆ! ನನ್ನಾಕೆ ಕಡಲೆಹಿಟ್ಟು ತಿಕ್ಕಿದಳು, ಎಣ್ಣೆ ಹಚ್ಚಿದಳು. ಗುಳ್ಳೆ ಇನ್ನಷ್ಟು ಕೆಂಪಾದವು. ಆಮೇಲೆ ತಪ್ಪು ಬಾಣಂತಿಯ ತಲೆಗೆ ಬಂತು. (ನಮ್ಮಲ್ಲಿ ಕೂಸು ಸೀನಿದರೂ ತಾಯಿ ತಿಂದದ್ದೇ ಕಾರಣ!) ಗಂಗಾಳ ತಾಟಿನಿಂದ ಪಲ್ಯ ಹೋಯಿತು, ತುಪ್ಪ ಹೋಯಿತು.

ಕಡೆಗೆ ಡಾಕ್ಟರರನ್ನು ಕರೆತಂದೆ.

"ಸಣ್ಣ ಕೂಸಿಗೆ ಹಿಂಗ ಆಗತಾವ್ರಿ. ಬರೇ ನೀರಿಲೆ ತೊಳೀರಿ. ಚಿವುಟಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ. ತಾವಾಗೇ ಹೋಗತಾವು. ತಾಯಿಗೆ ಹೊಟ್ಟಿತುಂಬ ಊಟ ಹಾಕ್ರಿ," ಎಂದರು.

"ಏನೂ ಮಾಡಬ್ಯಾಡ್ರಿ ಅಂತ ಹೇಳಾಕ ಡಾಕ್ಟರ್ ಯಾಕ ಬೇಕಿತ್ತರಿ?" ಎಂದಳು ನನ್ನಾಕೆ.

ಆಕೆಯ ಚಿಂತೆ ಬೇರೆಯಿತ್ತು. ತೊಟ್ಟಿಲಿಗೆ ಗರಗದಿಂದ ಬೀಗರು ಬರುವವರಿದ್ದರು. ಜೊತೆಗೆ ಅಳಿಯ ಬಸವಣ್ಣಿಯ ಅಜ್ಜಿ. ತಾಯಿಯಿಲ್ಲದ ಅವನನ್ನು ಸಾಕಿದವಳು ಆಕೆಯೇ. ಮೈಯಲ್ಲಿ ಆರಾಮಿಲ್ಲದಿದ್ದರೂ ಕೂಸಿಗೆಂದು ತಾನೇ ನೂಲು ತೆಗೆದು, ನೇಯಿಸಿ, ತಲೆ-ಬೆನ್ನು ಮುಚ್ಚುವ ಕುಂಚಿಗೆ ಹೊಲಿಸಿದ್ದಳು. ಚಕ್ಕಡಿ ಗಾಡಿಯಲ್ಲಿ ಮಲಗಿಸಿಕೊಂಡಾದರೂ ತನ್ನನ್ನು ಕರೆದೊಯ್ಯಿರಿ ಎನ್ನುತ್ತಿದ್ದಳಂತೆ.

"ಇಂಥಾ ಮಾರಿ ಬೀಗರಿಗೆ ಹೆಂಗ ತೋರಸೂದ್ರಿ? ಬಾಣಂತನ ನೆಟ್ಟಗ ಮಾಡಿಲ್ಲಂತ ಆಡಿಕೋತಾರ. ಮುಂದ ಹಾಕ್ರಿ," ಎಂದಳು ನನ್ನಾಕೆ.

ಹಾಕಿದೆ. ಮುಹೂರ್ತ ಸರಿಯಿಲ್ಲವೆಂದು ಗರಗಕ್ಕೆ ಹೇಳಿ ಕಳಿಸಿದೆ. (ಪಂಚಾಂಗಕ್ಕೆ ಬಾಯಿದ್ದರೆ ನನ್ನನ್ನು ಬಯ್ಯುತ್ತಿತ್ತು.)

ಅಜ್ಜಿ ಮುಂದಿನ ಮುಹೂರ್ತದವರೆಗೆ ಉಳಿಯಲಿಲ್ಲ.

ಮೊನ್ನೆ ಅಳಿಯ ಆ ಕುಂಚಿಗೆ ಹಿಡಿದುಕೊಂಡು ಬಂದ. ನನಗೆ ತಡೆಯಲಾಗಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟೆ. ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಸಣ್ಣಾವಿದ್ದಾಗ ನನ್ನ ಮಾರಿ ತುಂಬಾನೂ ಹಿಂಗ ಗುಳ್ಳಿ ಇದ್ದುವಂತ್ರಿ ಮಾವಾರ. 'ನನ್ನ ಮೊಮ್ಮಗ ಜ್ವಾಳದ ತೆನಿ ಆಗಿದ್ದ' ಅಂತ ಆಯಿ ಎಲ್ಲಾರ ಮುಂದ ಹೇಳಿ ನಗತಿದ್ಲು. ಇವನ್ನ ನೋಡಿದ್ದರ, ಖರೇ ಅಪ್ಪನ ಮಗ ಅಂತಿದ್ಲರಿ."

ಗುಳ್ಳೆಗಳಿಂದ ಕೂಸಿಗೆ ಒಂದಿಷ್ಟೂ ತ್ರಾಸಿರಲಿಲ್ಲ. ಹಾಲು ಕುಡಿದು ಹಾಯಾಗಿ ಮಲಗುತ್ತಿತ್ತು. ನಿದ್ದೆಗೆಟ್ಟವರು ನಾವು, ಬೀಗರು ಏನಂದಾರೋ ಎಂದು. ನಿಜ ಹೇಳಿ ಕಳಿಸಿದ್ದರೆ ಅಜ್ಜಿ ಅಂದೇ ಚಕ್ಕಡಿ ಹೂಡಿಸುತ್ತಿದ್ದಳು.

ಡಾಕ್ಟರರು ಹೇಳಿದಂತೆ ಗುಳ್ಳೆಗಳು ತಾವಾಗಿಯೇ ಹೋಗಿವೆ. ಕುಂಚಿಗೆಯೊಳಗೆ ಕೂಸಿನ ಮುಖ, ತೊಳೆದಿಟ್ಟ ಬೆಳ್ಳಿ ಬಟ್ಟಲಿನಂತಿದೆ.

ಈಗ ಯಾರಿಗೆ ತೋರಿಸಲಿ?