ಹುರುಳಿ ಹಾಸಿದ ರಸ್ತೆ

ಪೂರಿಗಾಲಿಯ ಯಶೋದಮ್ಮ ಪ್ರತಿ ವರ್ಷವೂ ಹುರುಳಿಗಿಡವನ್ನು ಟಾರು ರಸ್ತೆಯ ಮೇಲೆ ಹರಡಿ, ಓಡಾಡುವ ಬಸ್ಸು ಲಾರಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವವಳು. ಅಂದು ಮೋಡ ಕವಿದಿತ್ತು; ಮಳೆಗೆ ಮುಂಚೆ ಕಾಳು ಉದುರಲೇಬೇಕಿತ್ತು. ಬಂದದ್ದು ಮಾತ್ರ ನೆಲಕ್ಕಂಟಿದಂಥ ಎಂಟು ಸ್ಪೋರ್ಟ್ಸ್ ಕಾರುಗಳು. ಜೊತೆಗಿದ್ದ ಕಾರ್ ಕ್ಲಬ್ಬಿನ ಗೆಳೆಯನೊಬ್ಬನ ಹುಟ್ಟುಹಬ್ಬ ಆಚರಿಸಲು ಹೊರಟವರು, ಒಣಗಿದ ಗಿಡ ಕಾರಿನ ಅಡಿಭಾಗಕ್ಕೆ ಸುತ್ತಿಕೊಂಡು ಬೆಂಕಿ ಹತ್ತೀತೆಂದು ನಿಂತುಬಿಟ್ಟರು.

"ತೆಗೀರಮ್ಮ ಇದನ್ನ."

"ಮ್ಯಾಲೇ ಓಡಿಸ್ರಪ್ಪ, ಬಸ್ಸೇ ಓಯ್ತದೆ!"

"ಇದು ಬಸ್ಸಲ್ಲಮ್ಮ."

ಅರ್ಧವೂ ಉದುರದ ಹುರುಳಿಯನ್ನು ಅವಳೊಬ್ಬಳೇ ಚರಂಡಿಯತ್ತ ಎಳೆದುಹಾಕುವಷ್ಟರಲ್ಲಿ ಅವರು ಅಲ್ಲೇ ಕೇಕು ಕತ್ತರಿಸಿದರು. ಹುಡುಗಿಯೊಬ್ಬಳು ತುಂಡೊಂದನ್ನು ತಂದುಕೊಟ್ಟು, "ನಿಮ್ಮ ಬರ್ತ್‌ಡೇ ಯಾವಾಗಮ್ಮ?" ಎಂದಳು.

"ನಾನು ಇಂಥದೇ ಉಳ್ಳಿ ಒಕ್ಕಣೇಲಿ ಉಟ್ಟಿದ್ದಂತೆ ಕಣಮ್ಮ. ಇವತ್ತೇ ಅನ್ಕೊ."

ಕಾರುಗಳು ಹೋದವು. ಕೇಕು ಮೆತ್ತಿದ ಕೈಯಲ್ಲೇ ಅವಳು ಗಿಡವನ್ನು ಮತ್ತೆ ರಸ್ತೆಗೆ ಎಳೆಯುತ್ತಿದ್ದಾಗ ಮೊದಲ ಹನಿ ಬಿತ್ತು.