ಖಲಿಯಾ ಗೆದ್ದ ಬಕ್ರೀದ್

ನಾಸಿಕದ ಬಳಿ, ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಅರವತ್ತರ ದಶಕದ ಕೊನೆಗೆ, ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಫಿಟ್ಟರ್ ಇದ್ದರು. ಊರು ಔರಂಗಾಬಾದ್. ತಾಯಿ ಗುಲ್ಬರ್ಗಾದವರು, ಹೀಗಾಗಿ ಧಾರವಾಡದ ಕ್ರೈಸ್ತರಾದ ನಮ್ಮೊಡನೆ ಕನ್ನಡದಲ್ಲೇ ಮಾತು. ಹೆಂಡತಿ ಮಾಲೇಗಾಂವ್‌ನವರು. ಗಂಡಹೆಂಡಿರಿಗೆ ಜಗಳ ಒಂದೇ: ದನದ ಮಾಂಸದ ಅಡುಗೆಯಲ್ಲಿ ರಾತ್ರಿಯಿಡೀ ಬೇಯಿಸಿದ ಮಾಲೇಗಾಂವ್‌ನ ನಿಹಾರಿ ಮೇಲೋ, ನಾನ್ ರೊಟ್ಟಿ ಅದ್ದಿ ತಿನ್ನುವ ಖಾರದ ಸಾರು, ಔರಂಗಾಬಾದಿನ ನಾನ್ ಖಲಿಯಾ ಮೇಲೋ?

"ನಿಹಾರಿ ಅಂದ್ರ ಬರೇ ಗಂಜಿ ರೀ. ಖಲಿಯಾದ ಮ್ಯಾಲೆ ಕೆಂಪು ಎಣ್ಣಿ ತೇಲತಿರ್ತದ," ಎಂದು ಅವರು ಮೀಸೆ ತೀಡುತ್ತಿದ್ದರು. "ತಿಂದು ನೋಡ್ರಿ, ಆಮ್ಯಾಲೆ ಮಾತಾಡ್ರಿ."

ಅವರ ಮಾವ, ಹೆಂಡತಿಯ ತಂದೆ, ಮಾತ್ರ ಆ ಮನೆಯಲ್ಲಿ ಒಮ್ಮೆಯೂ ಉಂಡಿರಲಿಲ್ಲ. ಮಗಳು ತಾನೇ ಮೆಚ್ಚಿ ಮದುವೆಯಾದಳೆಂಬ ಸಿಟ್ಟಿಗೆ ಅಳಿಯನನ್ನು ಮಾತಾಡಿಸುತ್ತಲೂ ಇರಲಿಲ್ಲ. ಮೊಮ್ಮಗಳು ಹುಟ್ಟಿದ ವರ್ಷದ ಬಕ್ರೀದಿಗೆ ಮಗುವನ್ನು ನೋಡಲು ಮುದುಕರು ಬಂದರು. ನಾನೂ ಊಟಕ್ಕಿದ್ದೆ.

ಮೊದಲು ಮಗಳು ನಿಹಾರಿ ಬಡಿಸಿದರು. ಸಾರು ಮಂದವಾಗಿತ್ತು, ಮಾಂಸ ಬಾಯಲ್ಲೇ ಕರಗುತ್ತಿತ್ತು. ಮುದುಕರು ತಲೆದೂಗಿದರು. ಆಮೇಲೆ ಅಳಿಯ ಅರಿಶಿನ ಬಣ್ಣದ ನಾನ್ ಹಾಕಿ, ತಾವೇ ಮಾಡಿದ ಖಲಿಯಾ ಸುರಿದರು.

ಮುದುಕರು ನಾನ್ ಮುರಿದು ಅದ್ದಿ ತಿಂದರು. ಮತ್ತೆ ಅದ್ದಿದರು. ತಟ್ಟೆ ಬರಿದಾದ ಮೇಲೆ ತಲೆಯೆತ್ತಿ, "ದಾಮಾದ್ ಮಿಯಾಂ, ಔರ್ ಏಕ್ ನಾನ್," ಎಂದರು.

ಮುದುಕರು ಅವರನ್ನು ದಾಮಾದ್, ಅಳಿಯ ಎಂದು ಕರೆದದ್ದು ಅದೇ ಮೊದಲು. ಸೋತ ಹೆಂಡತಿಯೇ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದರು. ಫಿಟ್ಟರ್ ಸಾಹೇಬರು ನಾನಿನ ಬುಟ್ಟಿಯನ್ನೇ ಮಾವನ ಮುಂದಿಟ್ಟು, ನನ್ನ ಭುಜ ಹಿಡಿದು ಅಲುಗಾಡಿಸಿ, ಮನೆಗಳ ಇಡೀ ಸಾಲಿಗೆ ಕೇಳುವಂತೆ ಕೂಗಿದರು:

"ಮಾವ ಉಂಡ್ರು! ನಮ್ಮ ಮನ್ಯಾಗ ಉಂಡ್ರು!"